ಕೇಳಿದ ಕಂಠ, ಕಂಡ ಗಾಯಕರು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಅದರ ಅರ್ಥವು ನನಗೇ ತಿಳಿಯಬೇಕಾದರೆ ಶಾಲೆಯಿಂದ ನಿವೃತ್ತನಾಗಿ, ಕಳೆದ ಮಾಘಮಾಸದ ಒಂದು ಸಂಜೆ ಆಳಂದದಿಂದ ಕಲಬುರ್ಗಿಯವರೆಗೆ ಹೋಗಬೇಕಾಯಿತು.

ನಾನು ಹುಟ್ಟಿದ್ದು ಜೇವರ್ಗಿ ತಾಲೂಕಿನ ಭೀಮಾತೀರದ ಹಳ್ಳಿಯೊಂದರಲ್ಲಿ. ೧೯೬೬ರಲ್ಲಿ ಗುಲಬರ್ಗಾ ಆಕಾಶವಾಣಿ ಆರಂಭವಾದ ಮೇಲೆ ನಮ್ಮ ತಂದೆಯವರು ಒಂದು ರೇಡಿಯೋ ಕೊಂಡುತಂದರು. ಹೊಲದಿಂದ ಬಂದು ಕೈಕಾಲು ತೊಳೆದು ಅದರ ಮುಂದೆ ಕುಳಿತರೆಂದರೆ ಊಟದ ನೆನಪು ಅವರಿಗೆ ಉಳಿಯುತ್ತಿರಲಿಲ್ಲ. ಅವರಿಗೆ ಅತ್ಯಂತ ಪ್ರಿಯರಾದ ಹಿಂದುಸ್ತಾನಿ ಗಾಯಕರೊಬ್ಬರಿದ್ದರು. ಆ ಮಹನೀಯರ ಹೆಸರನ್ನು ಇಲ್ಲಿ ಬರೆಯೆನು; ಕಾರಣವನ್ನು ವಾಚಕರು ಮುಂದೆ ತಾವೇ ತಿಳಿಯುವರು. ೧೯೮೮ರಲ್ಲಿ ಅಫಜಲಪುರದಲ್ಲಿ ನನಗೆ ಉಪಾಧ್ಯಾಯ ವೃತ್ತಿ ದೊರೆಯಿತು. ಮೊದಲ ಸಂಬಳದಲ್ಲಿ ಅವರ ಪೂರಿಯಾ ಧನಾಶ್ರೀ ರಾಗದ ಕ್ಯಾಸೆಟ್ಟೊಂದನ್ನು ತಂದು ತಂದೆಯವರ ಕೈಯಲ್ಲಿಟ್ಟೆನು. ತಂದೆಯವರು ಹಾಸಿಗೆ ಹಿಡಿದ ಕೊನೆಯ ವರ್ಷದಲ್ಲಿ, ದೀಪ ಹಚ್ಚುವ ಹೊತ್ತಿಗೆ ಪ್ರತಿದಿನವೂ ಅದನ್ನು ಹಚ್ಚಬೇಕಾಗಿದ್ದಿತು. ೧೯೯೪ರಲ್ಲಿ ಅವರು ತೀರಿಕೊಂಡರು. ಕ್ಯಾಸೆಟ್ಟಿನ ಪ್ರತಿಯೊಂದು ತಾನವೂ, ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವ ಸ್ಥಳವೂ ನನಗೆ ಕಂಠಪಾಠವಾಗಿ ಉಳಿಯಿತು.

ಆ ಗಾಯಕರೇ ಕಲಬುರ್ಗಿಗೆ ಬರುವರೆಂದು ಪತ್ರಿಕೆಯಲ್ಲಿ ಓದಿದಾಗ ನನಗಾದ ಹರ್ಷವನ್ನು ಏನೆಂದು ಹೇಳಲಿ! ಮನೆಯಾಕೆಯನ್ನು ಕರೆದುಕೊಂಡು ಮಧ್ಯಾಹ್ನವೇ ಬಸ್ಸು ಹತ್ತಿದೆನು. ನಲವತ್ತು ಕಿಲೋಮೀಟರಿನ ದಾರಿಯುದ್ದಕ್ಕೂ ಆ ರಾಗವನ್ನೇ ಗುನುಗಿದೆನು.

ಪರದೆ ಸರಿಯಿತು. ಇಬ್ಬರು ಶಿಷ್ಯರು ಕೈಹಿಡಿದು ತಂದು ಕೂಡಿಸಿದ ಒಬ್ಬ ವೃದ್ಧರು ನಮಗೆ ಕೈಮುಗಿದರು. ನಾನು ಬೇಡಿಕೊಂಡಂತೆಯೇ ಪೂರಿಯಾ ಧನಾಶ್ರೀಯನ್ನು ಆರಂಭಿಸಿದರು. ಆದರೆ ಶ್ರುತಿ ಇಳಿದಿತ್ತು. ತಾರಷಡ್ಜ ಬರಬೇಕಾದಲ್ಲಿ ಅವರು ಕೈಯೆತ್ತಿ ತೋರಿಸುವರು. ಸ್ವರವನ್ನು ಶಿಷ್ಯನು ಮುಟ್ಟುವನು. ನಾನು ಕಾದು ಕುಳಿತಿದ್ದ ತಾನವು ಬರಲೇ ಇಲ್ಲ. ಧ್ವನಿವರ್ಧಕದಲ್ಲಿ ತಬಲೆಯ ಸದ್ದೇ ಹೆಚ್ಚಾಗಿ, ಅವರ ಮಂದ್ರಸ್ವರಗಳು ಅದರಲ್ಲಿ ಮುಳುಗಿಹೋದವು. ನನಗೆ ಮೊದಲು ಕಳವಳವಾಯಿತು; ಬಳಿಕ, ಹೇಳಲು ನಾಚಿಕೆಯಾದರೂ ಹೇಳುವೆನು, ಕೋಪ ಬಂದಿತು. ಕೊನೆಯ ಬಸ್ಸಿನ ನೆಪ ಹೇಳಿ, ಭೈರವಿಗೂ ನಿಲ್ಲದೆ ಎದ್ದು ಬಂದೆನು.

ಬಸ್ಸಿನಲ್ಲಿ ನಾನು ದೋಷಗಳನ್ನು ಒಂದೊಂದಾಗಿ ಎಣಿಸುತ್ತಲಿದ್ದೆನು. ಮನೆಯಾಕೆ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಅಂದಳು: "ನೀವು ಹಾಡು ಎಲ್ಲಿ ಕೇಳಿದ್ರಿ? ಅದರೊಳಗ ಮಾವನವರನ್ನ ಹುಡುಕಿದ್ರಿ. ಅವರು ಅಲ್ಲಿ ಹ್ಯಾಂಗ ಸಿಗತಾರ?"

ಉತ್ತರ ಹೇಳಲು ನನ್ನಿಂದಾಗಲಿಲ್ಲ.

ಅಭಿನವಗುಪ್ತಾಚಾರ್ಯರು ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳಿರುವರು. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲೊಂದು. ಅದನ್ನು ಕಳೆಯುವುದಕ್ಕೆ ಅವರು ಸೂಚಿಸಿದ ಉಪಾಯಗಳಲ್ಲಿ ಗಾನವೂ ಸೇರಿದೆ. ನನಗಾದರೋ ಗಾನದಿಂದಲೇ ವಿಘ್ನವು ಬೆಳೆಯಿತು. ಸ್ಮೃತಿಯು ಪ್ರಮಾಣವಲ್ಲವೆಂದು ತರ್ಕಶಾಸ್ತ್ರದಲ್ಲಿ ಓದಿದ್ದ ನಾನು, ಆ ರಾತ್ರಿ ಸ್ಮೃತಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿ ಪ್ರತ್ಯಕ್ಷವನ್ನು ಅಪರಾಧಿಯೆಂದು ತೀರ್ಮಾನಿಸಿದೆನು.

ಇನ್ನೊಂದು ಮಾತು. ಖಯಾಲಿನ ಬಂದಿಶೆಂಬುದು ಕೆಲವೇ ಸಾಲುಗಳದು; ಉಳಿದುದೆಲ್ಲವೂ ಆಯಾ ಹೊತ್ತಿಗೆ ಗಾಯಕನ ಮನೋಧರ್ಮದಿಂದ ಹುಟ್ಟತಕ್ಕದ್ದು. ಹಳೆಯ ಗ್ರಾಮಫೋನು ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಗಳ ಚಿಲ್ಲರೆ ಅವಕಾಶ. ಗಂಟೆಗಟ್ಟಲೆ ಹಾಡುವವರು ರಾಗವನ್ನು ಅಷ್ಟರಲ್ಲೇ ಅಡಕಿಸಬೇಕಾಗಿದ್ದಿತು. ಕ್ಯಾಸೆಟ್ಟು ಅವಧಿಯನ್ನು ಹಿಗ್ಗಿಸಿತೇ ಹೊರತು, ಹಾಡಿದವರ ವಯಸ್ಸನ್ನು ನಿಲ್ಲಿಸಲಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳಲ್ಲಿ ಕೇಳುವುದು ಎಳೆಯ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ಬಳಿಕ ಆ ಕಂಠವು ಗಂಡುದನಿಯೆಂಬಷ್ಟು ಗಂಭೀರವಾಯಿತು. ಹಳೆಯ ದನಿಯೇ ಬೇಕೆಂದು ಹಟ ಹಿಡಿದು ಎದ್ದುಹೋದವರು ಯಾರಾದರೂ ಇದ್ದಿದ್ದರೆ, ೨೦೦೯ರಲ್ಲಿ ತೀರಿಕೊಳ್ಳುವವರೆಗೂ ನಾಡು ತಲೆಬಾಗಿ ಗೌರವಿಸಿದ ಆ ಗಾಯನವನ್ನು ಅವರು ಕಳೆದುಕೊಂಡಂತೆಯೇ ಸರಿ.

ನಾನು ಕಳೆದುಕೊಂಡುದೇನೆಂಬುದು ಎರಡು ದಿನದ ಮೇಲೆ ತಿಳಿಯಿತು. ಕೊನೆಯವರೆಗೆ ಕುಳಿತಿದ್ದ ಮಿತ್ರರೊಬ್ಬರು ಸಂತೆಯಲ್ಲಿ ಸಿಕ್ಕರು. ಕಡೆಗೆ ಆ ವೃದ್ಧರು ಧ್ವನಿವರ್ಧಕವನ್ನು ನಿಲ್ಲಿಸಹೇಳಿ, ಜನರನ್ನು ಮುಂದಕ್ಕೆ ಕರೆದು, ಕೆಳಗಿನ ಸ್ವರಗಳಲ್ಲಿಯೇ ಭೈರವಿಯನ್ನು ಹಾಡಿದರಂತೆ. ಹೇಳುವಾಗ ಮಿತ್ರರ ಕಣ್ಣು ತೇವವಾಗಿದ್ದಿತು. ಆ ಭೈರವಿ ನನಗೆ ಇನ್ನು ಯಾವ ಕ್ಯಾಸೆಟ್ಟಿನಲ್ಲಿ ದೊರೆತೀತು?

ವಾಚಕ ಬಂಧುಗಳೇ, ನಿಮ್ಮ ಪ್ರೀತಿಯ ಗಾಯಕರನ್ನು ಕೇಳಹೋಗುವಿರಾದರೆ, ಹಿಂದಿನ ಎಂಟು ದಿನ ಅವರ ಮುದ್ರಿತ ಹಾಡನ್ನು ಕೇಳದಿರಿ. ಬಸ್ಸಿನ ಚಿಂತೆಯಿದ್ದರೆ ಆ ಊರಿನಲ್ಲಿಯೇ ಬಂಧುಗಳ ಮನೆಯಲ್ಲಿ ಉಳಿದುಕೊಳ್ಳಿರಿ. ಮಂಗಳ ಮುಗಿಯುವವರೆಗೆ ಏಳಬೇಡಿರಿ. ಮನೆಯಲ್ಲಿ ಹಿರಿಯರಿದ್ದು, ಅವರು ನಡುಗುವ ದನಿಯಲ್ಲಿ ಒಂದು ಹಾಡು ಹೇಳಿದರೆ, ಮೊದಲು ಎಷ್ಟು ಚೆನ್ನಾಗಿ ಹಾಡುತ್ತಿದ್ದಿರಿ ಎನ್ನದೆ ಹತ್ತಿರ ಕುಳಿತು ಕೇಳಿರಿ.

ಆ ಗಾಯಕರಿಗೆ ಕ್ಷಮೆ ಬೇಡಿ ಕಾಗದ ಬರೆದಿರುವೆನು. ಅವರು ಮತ್ತೆ ಈ ಕಡೆಗೆ ಬಂದರೆ ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವೆವು.