ಕಡಲಿನ ಕಾವಲು

1992ರ ನವೆಂಬರ್ ಮಾಸದಲ್ಲಿ ಫ್ರಾನ್ಸಿನ ಶೆರ್ಬೂರ್ಗ್ ಬಂದರಿನಿಂದ ಸುಮಾರು ಒಂದೂವರೆ ಟನ್ ಪ್ಲುಟೋನಿಯಂ ಹೊತ್ತು ಜಪಾನಿಗೆ ಹೊರಟ ‘ಅಕತ್ಸುಕಿ ಮಾರು’ ಹಡಗನ್ನು ಗ್ರೀನ್‌ಪೀಸ್ ಸಂಸ್ಥೆಯ ‘ಸೋಲೋ’ ನೌಕೆಯು ಬೆಂಬತ್ತಿತ್ತು; ಅದರ ನಾವಿಕರು ಹಗಲಿರುಳೂ ತೆರೆಗಳ ನಡುವೆ ಎಚ್ಚರವಿದ್ದು, ಗೋಪ್ಯವಾಗಿರಿಸಲಾದ ಪಥವನ್ನು ಲೋಕಕ್ಕೆ ಸಾರುತ್ತಿದ್ದರು. ಅರ್ಧಾಯುಷ್ಯವೇ ಸುಮಾರು 24,000 ವರ್ಷಗಳಷ್ಟಿರುವ ಈ ವಿಷವು ಅವಘಡದಿಂದ ನೀರನ್ನು ಸೇರಿದರೆ, ಅದರ ಫಲವನ್ನು ಉಣ್ಣುವವರು ಈ ವ್ಯವಹಾರದಲ್ಲಿ ಪಾಲೇ ಇಲ್ಲದ ತೀರವಾಸಿಗಳು. ನಮ್ಮ ನಾಡಿನ ತಿರುಮಕೂಡಲಿನಲ್ಲಿ ಕಪಿಲೆಯೊಡನೆ ಸಂಗಮಿಸುವ ಕಾವೇರಿಯೂ ಕೊನೆಗೆ ಸೇರುವುದು ಕಡಲನ್ನೇ ಆದುದರಿಂದ, ಇದು ನಮಗೆ ಪರರ ವಿಷಯವಲ್ಲ.

ತೀರರಾಷ್ಟ್ರಗಳ ಸಮ್ಮತಿಯಿಲ್ಲದ ಇಂತಹ ಸಾಗಾಟವು ಸರ್ವಥಾ ಸಲ್ಲದು. ಕಾಳೀತೀರದ ಕೈಗಾದಲ್ಲಿ ಅಣುಸ್ಥಾವರವನ್ನು ಕಟ್ಟಿರುವ ನಮ್ಮ ಸರ್ಕಾರವೂ ಇದೇ ಧರ್ಮಕ್ಕೆ ತಲೆಬಾಗಿ, ಜನರಿಂದ ಅಪಾಯವನ್ನು ಮರೆಮಾಚದಿರಬೇಕೆಂಬುದು ನಮ್ಮ ದೃಢವಾದ ಅಭಿಮತ.