ರೋಗಿಯಾದ ಮರಕ್ಕೆ ಕೊಡಲಿಯೇ ಮದ್ದೆ?

ಕರ್ನಾಟಕದ ವೃಕ್ಷಸಂರಕ್ಷಣೆಯ ಶಾಸನವು 1976ರಲ್ಲಿ ಹುಟ್ಟಿತು. ಅದರ ಉದ್ದೇಶವು ಸ್ತುತ್ಯವಾದುದೇ. ಅನುಮತಿಯಿಲ್ಲದೆ ಮರವನ್ನು ಕಡಿಯಕೂಡದೆಂದೂ, ಆ ಅನುಮತಿಯನ್ನು ಕೊಡುವುದಕ್ಕೆ ವೃಕ್ಷಾಧಿಕಾರಿಯೊಬ್ಬನಿರಬೇಕೆಂದೂ ಅದು ವಿಧಿಸಿತು. ಆದರೆ ಅನುಮತಿಯನ್ನು ನಿರಾಕರಿಸಬಾರದ ಸಂದರ್ಭಗಳನ್ನು ಎಣಿಸುವಾಗ ಅದೇ ಶಾಸನವು ಸತ್ತ ಮರ, ರೋಗ ತಗಲಿದ ಮರ, ಗಾಳಿಗೆ ಉರುಳಿದ ಮರ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದೆ. ಹೆಣಕ್ಕೂ ರೋಗಿಗೂ ಒಂದೇ ಸಂಸ್ಕಾರವೆಂದು ವಿಧಿಸುವ ಸ್ಮೃತಿಕಾರನು ಯಾವ ಯುಗದಲ್ಲಿಯೂ ಹುಟ್ಟಿಲ್ಲ. ನೆಗಡಿಯಾದವನನ್ನೂ ಪ್ರಾಣಬಿಟ್ಟವನನ್ನೂ ಒಂದೇ ಚಟ್ಟಕ್ಕೆ ಏರಿಸುವ ಊರಿನಲ್ಲಿ ವೈದ್ಯನಿಗೆ ಏನು ಕೆಲಸ?

ಈ ಒಂದು ಪದದ ಫಲವನ್ನು ಕಾಣುವುದಕ್ಕೆ ದೂರ ಹೋಗಬೇಕಾಗಿಲ್ಲ. ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಇವುಗಳಲ್ಲಿ ಯಾವ ಪೇಟೆಯ ಬೀದಿಯಲ್ಲಿ ನಿಂತರೂ ಸಾಕು. ನೆರಳಿಗೂ ಅಂದಕ್ಕೂ ಹಿರಿಯರು ನೆಟ್ಟ ಹೊಂಗೆ, ಸಂಪಿಗೆ, ಗುಲ್‌ಮೊಹರುಗಳ ಬೊಡ್ಡೆಗೆ ಮೊಳೆ ಹೊಡೆದು ಫಲಕ ತೂಗುಹಾಕುವರು. ಬುಡದವರೆಗೂ ಸಿಮೆಂಟನ್ನು ಒತ್ತಿ ಬೇರಿಗೆ ಉಸಿರಿಲ್ಲದಂತೆ ಮಾಡುವರು. ತಂತಿಗೆ ಅಡ್ಡವಾಯಿತೆಂದು ಕೊಂಬೆಯನ್ನು ಅರ್ಧಕ್ಕೆ ಕಡಿದು, ಸಿಬಿರೆದ್ದ ಮೋಟನ್ನು ಹಾಗೆಯೇ ಬಿಡುವರು. ಮಲೆನಾಡಿನ ಮಳೆ ತಿಂಗಳುಗಟ್ಟಲೆ ಆ ಹಸಿಗಾಯದ ಮೇಲೆ ಸುರಿಯುವುದು. ಗಾಯದಲ್ಲಿ ಬೂಷ್ಟು ಹುಟ್ಟಿ, ಬೂಷ್ಟಿನಿಂದ ತಿರುಳು ಕೊಳೆತು, ಕೊಳೆತಲ್ಲಿ ಹುಳುವೂ ಗೆದ್ದಲೂ ಸೇರಿ, ನಾಲ್ಕಾರು ವರ್ಷಗಳಲ್ಲಿ ಮರ ಬಾಡುವುದು. ಆಗ ಅರ್ಜಿ ಬರೆಯುವವನು ಗಾಯ ಮಾಡಿದವನೇ. ಅವನು ಬರೆಯುವ ಕಾರಣ ರೋಗ! ತಾನೇ ಕಾಲು ಮುರಿದು, ಕುಂಟನೆಂದು ಮನೆಯಿಂದ ಹೊರಗೆ ಹಾಕುವ ನ್ಯಾಯವಿದು.

ಇದಕ್ಕಿಂತಲೂ ಸೋಜಿಗವಾದುದೊಂದುಂಟು. ಗಿಡಮರಗಳ ರೋಗಕ್ಕೆ ನಿದಾನವನ್ನು ಹುಡುಕುವ ಕಾರ್ಯವು ಈ ದೇಶದಲ್ಲಿ ಎಲ್ಲಿಯಾದರೂ ಬೇರೂರಿದ್ದರೆ, ಅಂತಹ ಸ್ಥಳಗಳಲ್ಲಿ ಬಾಳೆಹೊನ್ನೂರೂ ಒಂದು. 1925ರಲ್ಲಿ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗಕ್ಷೇತ್ರವು ಇಲ್ಲಿಯೇ ಸ್ಥಾಪಿತವಾಯಿತು. ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯು ಅದರ ಬೆಳೆದ ರೂಪ. ಅದಕ್ಕೂ ಮುಂಚೆ, 1908ರಲ್ಲಿ ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ತೋಟಿಗರ ಕೈಗೆ ಕೊಟ್ಟಿದ್ದರು. ಕೊಳೆರೋಗವೆಂಬ ನಮ್ಮ ಕನ್ನಡದ ಮಾತೇ 1876ರಲ್ಲಿ ಕಾಫಿಯ ಬೂಷ್ಟೊಂದರ ಲ್ಯಾಟಿನ್ ನಾಮಧೇಯದೊಳಗೆ ಸೇರಿಹೋಯಿತು. ರೋಗದ ಹೆಸರನ್ನು ಲೋಕಕ್ಕೆ ಕೊಟ್ಟ ನಾಡು ತನ್ನ ಬೀದಿಯ ಮರಕ್ಕೆ ಯಾವ ರೋಗವೆಂದು ಕೇಳುವ ಗೋಜಿಗೇ ಹೋಗುವುದಿಲ್ಲ.

ಕಾಫಿಯ ಗಿಡವಾದರೆ ಹಾಗಲ್ಲ. ಕಾಂಡಕೊರಕವು ಏಪ್ರಿಲ್ ಮೇ ತಿಂಗಳುಗಳಲ್ಲಿಯೂ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹಾರುವುದೆಂದು ತೋಟಿಗನು ಬಲ್ಲನು. ಬಿಸಿಲು ಬಿದ್ದ ಕಾಂಡವನ್ನೇ ಅದು ಅರಸಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದೆಂದೂ, ಆದುದರಿಂದ ಮೇಲಿನ ನೆರಳನ್ನು ಕಾಪಾಡಬೇಕೆಂದೂ ಬಲ್ಲನು. ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹುಳು ಹೊಕ್ಕುದನ್ನು ಮಾತ್ರ ಕಿತ್ತು ಸುಡುವನು. ಅಲ್ಲಿಯೂ ಕೀಳುವುದುಂಟಲ್ಲವೇ ಎಂದು ಪ್ರತಿವಾದಿಯು ಕೇಳಬಹುದು. ಉಂಟು, ಆದರೆ ಪರೀಕ್ಷೆಯಾದ ಮೇಲೆ, ನೆರೆಯ ಗಿಡವನ್ನು ಉಳಿಸುವುದಕ್ಕಾಗಿ. ಬೀದಿಯ ಮರಕ್ಕೆ ಆ ಪರೀಕ್ಷೆಯೆಲ್ಲಿ?

ಕೊಡಲಿಯ ಪಕ್ಷವೊಂದಾದರೆ ವಿಷದ ಪಕ್ಷ ಇನ್ನೊಂದು. ಎಲೆ ಮುರುಟಿತೋ, ಸೀಸೆಯನ್ನು ತಂದು ಸಿಂಪಡಿಸು ಎನ್ನುವವರು ತಮ್ಮನ್ನು ವೃಕ್ಷಪ್ರೇಮಿಗಳೆಂದೇ ತಿಳಿದಿರುವರು. ಹಾಲುವಾಣದ ಕಥೆಯನ್ನು ಇವರು ಕೇಳಬೇಕು. ಕೆಂಪು ಹೂವಿನ ಆ ಮರವು ತೋಟಕ್ಕೆ ನೆರಳೂ ಹೌದು, ಬೇಲಿಗೆ ಅಲಂಕಾರವೂ ಹೌದು. ಅದರ ಎಳೆಯ ಎಲೆಯನ್ನೂ ತೊಟ್ಟನ್ನೂ ಗಂಟುಗಂಟಾಗಿ ಉಬ್ಬಿಸುವ ಸಣ್ಣ ಕಣಜವೊಂದನ್ನು 2004ರಲ್ಲಿ ಶಾಸ್ತ್ರಜ್ಞರು ಮೊದಲಬಾರಿಗೆ ವರ್ಣಿಸಿದರು. ಕೆಲವೇ ವರ್ಷಗಳಲ್ಲಿ ಅದು ದಕ್ಷಿಣ ಭಾರತಕ್ಕೂ ಬಂದಿತು. ಮರಿಹುಳು ಗಂಟಿನೊಳಗೆ ಅಡಗಿರುವಾಗ ಎಲೆಯ ಮೇಲೆ ಸುರಿದ ವಿಷವು ಅದನ್ನು ಹೇಗೆ ಮುಟ್ಟೀತು? ಮುಟ್ಟುವುದು ಹೂವಿಗೆ ಬಂದ ಜೇನನ್ನು. 2005ರಲ್ಲಿ ಇದೇ ಪಿಡುಗು ಹವಾಯಿ ದ್ವೀಪಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿಯವರು ಕಣಜದ ಶತ್ರುವಾದ ಇನ್ನೊಂದು ಕಣಜವನ್ನು ಆಫ್ರಿಕದ ಟಾಂಜೇನಿಯದಿಂದ ತಂದು, ಪರೀಕ್ಷಿಸಿ, 2008ರಲ್ಲಿ ಬಿಟ್ಟರು. ಅವರ ಮರಗಳು ಮತ್ತೆ ಚಿಗುರಿದುವು. ನಮ್ಮಲ್ಲಿಯೂ 1928ರ ಸುಮಾರಿನಲ್ಲಿ ನೀಲಗಿರಿಯ ಮರಗಳಿಗೆ ಹತ್ತಿದ ಬಿಳಿಯ ಹಿಟ್ಟುಹುಳುವನ್ನು ಅಡಗಿಸಿದುದು ಹೊರದೇಶದಿಂದ ತಂದ ಗುಲಗಂಜಿಹುಳುವೇ. ವಿಷದ ಮೇಲಣ ಮೋಹ ಇನ್ನೂ ಬಿಡದವರು ಕಾಸರಗೋಡಿನ ಗೇರುತೋಟಗಳ ಕಡೆಗೆ ನೋಡಲಿ. 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಎಂಡೋಸಲ್ಫಾನನ್ನು ಆಕಾಶದಿಂದ ಸುರಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲಿಯೇ ತಡೆಯಿತು. ಅಷ್ಟರಲ್ಲಿ ಆ ಕನ್ನಡ ತುಳು ಮನೆಗಳು ಅನುಭವಿಸಿದುದನ್ನು ಯಾವ ಗೇರುಬೀಜದ ಲೆಕ್ಕವೂ ತುಂಬಲಾರದು.

ಪ್ರಾಚೀನರು ಇಷ್ಟು ಅವಸರದವರಾಗಿರಲಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದದಲ್ಲಿ ಮೊದಲು ಕಾರಣವನ್ನು ಹೇಳುವನು: ಶೀತ, ಗಾಳಿ, ಬಿಸಿಲು. ಆಮೇಲೆ ಲಕ್ಷಣ: ಎಲೆ ಬಿಳುಪೇರುವುದು, ಚಿಗುರು ಕುಗ್ಗುವುದು, ಕೊಂಬೆ ಒಣಗುವುದು, ರಸ ಸೋರುವುದು. ಚಿಕಿತ್ಸೆಯಲ್ಲಿ ಶಸ್ತ್ರವೇ ಮೊದಲು. ಆದರೆ ಅದು ಕೆಟ್ಟ ಭಾಗವನ್ನು ಶೋಧಿಸುವ ಶಸ್ತ್ರ, ಬುಡವನ್ನು ಉರುಳಿಸುವುದಲ್ಲ. ಬಳಿಕ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪ. ಮರದಿಂದ ಮರಕ್ಕೆ 20 ಮೊಳ ಉತ್ತಮ, 16 ಮಧ್ಯಮ, 12 ಅಧಮವೆಂದು ಅಂತರವನ್ನೂ ವಿಧಿಸಿದ್ದಾನೆ. 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಕನ್ನಡಕ್ಕೂ ಈ ವಿದ್ಯೆ ಬಂದಿತ್ತು. ತುಪ್ಪದ ಲೇಪವನ್ನೇ ಇಂದೂ ಬಳಿಯಿರೆಂದು ಹಟ ಹಿಡಿಯುವವರ ಪಕ್ಷವನ್ನು ಇಲ್ಲಿ ವಹಿಸಿಲ್ಲ. ಅದರ ಗುಣದೋಷವನ್ನು ಪರೀಕ್ಷೆಯೇ ಹೇಳಬೇಕು. ನಿದಾನವು ಮೊದಲು, ಚಿಕಿತ್ಸೆಯು ಅನಂತರ ಎಂಬ ಕ್ರಮಕ್ಕೆ ಮಾತ್ರ ಮುಪ್ಪಿಲ್ಲ.

ಫಲ ಕೊಡದ ಮರಕ್ಕೆ ಹಣ ಸುರಿಯುವವರಾರು ಎಂಬ ಆಕ್ಷೇಪವಿದೆ. ಎಷ್ಟು ಹಣ? ತೊಗಟೆ ತಿನ್ನುವ ಹುಳು ನೂಲುಹಿಕ್ಕೆಗಳ ಬಲೆಯಿಂದ ತನ್ನ ದಾರಿಯನ್ನು ತಾನೇ ತೋರಿಸುವುದು. ಆ ಬಲೆಯನ್ನು ಗುಡಿಸಿ, ರಂಧ್ರಕ್ಕೆ ಸೀಮೆಎಣ್ಣೆಯ ಹತ್ತಿಯನ್ನು ತುರುಕಿ ಮಣ್ಣು ಮೆತ್ತಿದರಾಯಿತು. ಬಂದಳಿಕೆಯ ಅಂಟುಬೀಜವನ್ನು ಪುಟ್ಟ ಹಕ್ಕಿಯೊಂದು ಕೊಂಬೆಯಿಂದ ಕೊಂಬೆಗೆ ಒಯ್ಯುವುದು. ಹಣ್ಣಾಗುವ ಮುನ್ನ ಅದು ಕಚ್ಚಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನು ತೆಗೆದರೆ ಸಾಕು. ಇವಕ್ಕೆ ಬೇಕಾದುದು ಏಣಿ, ಗರಗಸ, ಒಬ್ಬ ಬಲ್ಲವನ ಕಣ್ಣು.

ಪ್ರಾಣಹಾನಿಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ತಿರುಳು ಟೊಳ್ಳಾಗಿ ಶಾಲೆಯ ದಾರಿಯ ಮೇಲೆ ಬಾಗಿದ ಮರವನ್ನು ಉರುಳಿಸಲೇಬೇಕು. ಅದಕ್ಕೆ ಎರಡು ಮಾತಿಲ್ಲ. ಆದರೆ ಪ್ರಾಣಕ್ಕೂ ಸ್ವತ್ತಿಗೂ ಅಪಾಯವಾದ ಮರಕ್ಕೆ ಅದೇ ಶಾಸನವು ಬೇರೊಂದು ಕಾರಣವಾಗಿ ಅವಕಾಶವನ್ನು ಇಟ್ಟೇ ಇದೆ. ಹಾಗಿರಲು ರೋಗವೆಂಬ ಪದವು ಅಲ್ಲಿ ಯಾರಿಗಾಗಿ ಕುಳಿತಿದೆ?

ಶಾಸನಕರ್ತರು ಆ ಪದದ ಹಿಂದೆ ‘ಗುಣವಾಗದ’ ಎಂಬ ಇನ್ನೊಂದು ಪದವನ್ನು ಸೇರಿಸಲಿ. ಅದು ಆಗುವವರೆಗೆ, ಅರ್ಜಿಯೊಡನೆ ಮೂರು ಸಾಲಿನ ಲಿಖಿತವನ್ನು ಕೇಳಲು ಯಾರ ಅಡ್ಡಿಯೂ ಇರಲಾರದು: ರೋಗದ ಹೆಸರೇನು, ಅದು ಯಾವ ಅಂಗಕ್ಕೆ ತಗಲಿದೆ, ಯಾವ ಚಿಕಿತ್ಸೆಯನ್ನು ಎಷ್ಟು ಕಾಲ ಮಾಡಿ ನೋಡಲಾಯಿತು. ಮೊಳೆಗಳನ್ನು ಕೀಳುವುದಕ್ಕೂ, ಬುಡದ ಸಿಮೆಂಟನ್ನು ಒಡೆದು ಮಣ್ಣನ್ನು ಸಡಿಲಿಸುವುದಕ್ಕೂ, ಸಿಬಿರೆದ್ದ ಮೋಟುಗಳನ್ನು ನಯವಾಗಿ ಕೊಯ್ಯುವುದಕ್ಕೂ ಮುಂಗಾರಿಗೆ ಮುಂಚಿನ ಒಣ ದಿನಗಳೇ ತಕ್ಕ ಕಾಲ. ವೈಶಾಖವು ಕಳೆದರೆ ಮತ್ತೆ ಕಾರ್ತಿಕದವರೆಗೆ ಕಾಯಬೇಕಾಗುವುದು.