ಮೂರು ವರ್ಷದ ಬಿ.ಕಾಂ. ಮತ್ತು ಸಿ.ಪಿ.ಎ.: ಬೇಡವೆನ್ನುವವರಿಗೆ ಉತ್ತರ

ನವಿ ಮುಂಬಯಿಯ ಕಳಂಬೋಲಿಯ ಕನ್ನಡ ಮನೆಗಳಲ್ಲಿ ಬಿ.ಕಾಂ. ಮುಗಿಸಿದ ಮಕ್ಕಳು ಅಮೆರಿಕದ ಲೆಕ್ಕಿಗರ ಪರವಾನಗಿಗೆ ಬೇಕಾದ ಸಿ.ಪಿ.ಎ. ಪರೀಕ್ಷೆಗೆ ಕೂರುತ್ತೇವೆ ಎಂದರೆ ಸಾಕು, ಬೇಡ ಎನ್ನಲು ನಾಲ್ಕು ಜನ ಸೇರುತ್ತಾರೆ. ಹೇಳುವವರು ಹೊರಗಿನವರಲ್ಲ. ನಮ್ಮ ಹಿರಿಯರು, ಹಬ್ಬಕ್ಕೆ ಕೂಡುವ ನೆಂಟರು, ಕನ್ನಡ ಸಂಘದ ಪದಾಧಿಕಾರಿಗಳು. ಅವರ ಕಾಳಜಿಯ ಮೇಲೆ ನನಗೆ ಅನುಮಾನವಿಲ್ಲ. ಆದರೆ ಅವರು ಕೊಡುವ ಕಾರಣಗಳಲ್ಲಿ ಹೆಚ್ಚಿನವು ತಪ್ಪು, ಆ ತಪ್ಪಿನ ಬೆಲೆಯನ್ನು ಮಕ್ಕಳು ತೆರುತ್ತಿದ್ದಾರೆ. ಅದಕ್ಕೇ ಈ ಉತ್ತರ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು, ಸಿ.ಎ. ಪಾಸಾಗದವರು ಹಿಡಿಯುವ ಅಡ್ಡದಾರಿ ಇದು ಎನ್ನುವುದು. ಸಿ.ಎ. ದೊಡ್ಡ ಓದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿ.ಪಿ.ಎ. ಎಂದರೆ ಏನೆಂದು ಮೊದಲು ನೋಡಬೇಕು. 2024ರಿಂದ ಅದರಲ್ಲಿ ಮೂರು ಕಡ್ಡಾಯ ಪತ್ರಿಕೆಗಳು, ಜೊತೆಗೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ನಾಲ್ಕನೆಯದು. ಒಂದೊಂದಕ್ಕೂ ನಾಲ್ಕು ಗಂಟೆ, ತೇರ್ಗಡೆಗೆ 75 ಅಂಕ. ಹಣಕಾಸು ಲೆಕ್ಕ ಮತ್ತು ವರದಿಯ ಪತ್ರಿಕೆಯಲ್ಲಿ 2024ರಲ್ಲಿ ಪಾಸಾದವರು ನೂರಕ್ಕೆ ಸುಮಾರು 40 ಮಂದಿ. ಆ ಪರೀಕ್ಷೆ ಬರೆದವರಲ್ಲಿ ಬಹುಪಾಲು ಅಮೆರಿಕದಲ್ಲೇ ಓದಿದವರು. ಇದನ್ನು ಅಡ್ಡದಾರಿ ಎನ್ನುವುದು ನ್ಯಾಯವಲ್ಲ.

ಇನ್ನೂ ಒಂದು ವಿಷಯವನ್ನು ಹಿರಿಯರು ಗಮನಿಸುತ್ತಿಲ್ಲ. ಸಿ.ಎ. ಮಾಡುವವರು ಆರ್ಟಿಕಲ್‌ಶಿಪ್ ಎಂಬ ಕಚೇರಿ ತರಬೇತಿ ಮಾಡಲೇಬೇಕು. 2023ರ ಹೊಸ ವ್ಯವಸ್ಥೆಯಲ್ಲಿ ಅದು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ನಿಜ. ಆ ಎರಡು ವರ್ಷ ಸಿಗುವುದು ಸ್ಟೈಪೆಂಡ್ ಮಾತ್ರ. ಸ್ಟೀಲ್ ಮಾರ್ಕೆಟ್ಟಿನಿಂದ ಟ್ರೇಲರ್ ಓಡಿಸುವ ಅಪ್ಪ, ಸಿಡ್ಕೋ ಮನೆಯ ಸಾಲದ ಕಂತು, ಓದುವ ತಮ್ಮ ಇರುವ ಮನೆಯ ಹುಡುಗಿ ಬಿ.ಕಾಂ. ಮುಗಿದ ತಿಂಗಳೇ ಸಂಬಳ ತರಬೇಕು. ಅವಳು ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲ್ ಹಿಡಿದು ಐರೋಲಿಗೆ ಕೆಲಸಕ್ಕೆ ಹೋಗಿಬಂದು ರಾತ್ರಿ ಓದಬಲ್ಲ ಪರೀಕ್ಷೆ ಸಿ.ಪಿ.ಎ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರಿಂದ ಬೆಳೆದದ್ದು ಮುಂಬಯಿಯ ಕನ್ನಡ ಸಮಾಜ. ದುಡಿಯುತ್ತ ಓದುವುದನ್ನು ಕೀಳೆಂದು ಕಾಣುವ ಹಕ್ಕು ನಮಗಂತೂ ಇಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ, ಅದಕ್ಕೆ ಬಿಡಿಸಿಯೇ ಉತ್ತರಿಸಬೇಕು. ಅಮೆರಿಕದಲ್ಲಿ ಪದವಿಗೆ ನಾಲ್ಕು ವರ್ಷ, ನಮ್ಮದು ಮೂರು. ಅಮೆರಿಕದವರು ಅದನ್ನು ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ ಎನ್ನುತ್ತಾರೆ ಹಿರಿಯರು. ಲೆಕ್ಕ ಹೀಗಿದೆ. ನಮ್ಮ ಒಂದು ವರ್ಷದ ಓದನ್ನು ಅವರು ಸಾಮಾನ್ಯವಾಗಿ 30 ಕ್ರೆಡಿಟ್ ಎಂದು ಹಿಡಿಯುತ್ತಾರೆ. ಮೂರು ವರ್ಷಕ್ಕೆ 90. ಪರೀಕ್ಷೆಗೆ ಕೂರಲು ಬಹಳಷ್ಟು ರಾಜ್ಯಗಳು ಕೇಳುವುದು 120, ಪರವಾನಗಿಗೆ ಇತ್ತೀಚಿನವರೆಗೆ 150. ಇಷ್ಟು ಕೇಳಿ ಬಾಗಿಲು ಮುಚ್ಚಿತೆಂದು ತಿಳಿದುಬಿಡುತ್ತಾರೆ. ಆದರೆ ಬಿ.ಕಾಂ. ಮೂರು ವರ್ಷ, ಎಂ.ಕಾಂ. ಎರಡು ವರ್ಷ ಸೇರಿದರೆ ಐದಾಯಿತು, 150 ಆಯಿತು. ಬಿ.ಕಾಂ. ಜೊತೆ ಸಿ.ಎ. ಇದ್ದವರ ಓದನ್ನೂ ಅನೇಕ ಕಡೆ ಪರಿಗಣಿಸುತ್ತಾರೆ. ನ್ಯಾಕ್‌ನಿಂದ ಎ ಶ್ರೇಣಿ ಪಡೆದ ವಿಶ್ವವಿದ್ಯಾಲಯದಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವರ ಮೂರು ವರ್ಷದ ಪದವಿಯನ್ನೇ ಅಮೆರಿಕದ ಪದವಿಗೆ ಸಮವೆಂದು ಎಣಿಸುವ ಮೌಲ್ಯಮಾಪನ ಸಂಸ್ಥೆಗಳೂ ಇವೆ. ಮುಂಬಯಿ ವಿಶ್ವವಿದ್ಯಾಲಯಕ್ಕೆ 2021ರಲ್ಲಿ ಸಿಕ್ಕ ಶ್ರೇಣಿ ಎ++. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ನಮ್ಮ ಕಳಂಬೋಲಿಯಲ್ಲೇ ನಡೆಸುವ ವಿಜ್ಞಾನ ಮತ್ತು ವಾಣಿಜ್ಯ ಕಾಲೇಜು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮನೆಯಿಂದ ನಡೆದುಹೋಗುವ ದೂರದ ಕಾಲೇಜಿನ ಮಾರ್ಕ್‌ಶೀಟಿಗೆ ಅಲ್ಲಿ ಬೆಲೆಯಿಲ್ಲ ಎನ್ನುವ ಮುನ್ನ ಒಮ್ಮೆ ವಿಚಾರಿಸಿ ನೋಡಬಾರದೇ?

150ರ ನಿಯಮವನ್ನು ಶಿಲಾಶಾಸನದ ಹಾಗೆ ಪೂಜಿಸಬೇಕಾದ ಅಗತ್ಯವೂ ಇಲ್ಲ. ಅಮೆರಿಕದ ಮೊದಲ ಸಿ.ಪಿ.ಎ. ಕಾನೂನು ನ್ಯೂಯಾರ್ಕಿನಲ್ಲಿ 1896ರಲ್ಲೇ ಬಂದಿತ್ತು. 150 ಕ್ರೆಡಿಟ್‌ನ ನಿಯಮ ಬೇರು ಹಿಡಿದದ್ದು 1980ರ ದಶಕದಿಂದೀಚೆಗೆ, ಮೊದಲು ಫ್ಲಾರಿಡಾದಲ್ಲಿ. ಆ ಹೆಚ್ಚುವರಿ ವರ್ಷದಲ್ಲಿ ಲೆಕ್ಕಶಾಸ್ತ್ರವನ್ನೇ ಓದಬೇಕೆಂದು ಎಷ್ಟೋ ರಾಜ್ಯಗಳು ಕೇಳಲೂ ಇಲ್ಲ. ಈಗ ಅವರಿಗೇ ಅದು ಭಾರವಾಗಿದೆ. 2025ರ ಜನವರಿಯಲ್ಲಿ ಒಹಾಯೊ ರಾಜ್ಯ, ಪದವಿಯ ಜೊತೆ ಎರಡು ವರ್ಷದ ಅನುಭವವಿದ್ದರೆ ಸಾಕೆನ್ನುವ ಕಾನೂನಿಗೆ ಅಂಕಿತ ಹಾಕಿತು, ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದಿವೆ. ಅವರೇ ಸಡಿಲಿಸುತ್ತಿರುವ ಗಂಟನ್ನು ನಾವು ಇಲ್ಲಿ ಕೂತು ಬಿಗಿಯುತ್ತಿದ್ದೇವೆ.

ಊರಲ್ಲಿ ಓದಿದರೆ ಖರ್ಚು ಕಡಿಮೆ ಎಂದು ಮಕ್ಕಳನ್ನು ವಿಜಯಪುರಕ್ಕೋ ಕಲಬುರಗಿಗೋ ಕಳಿಸುವ ಮನೆಗಳಿಗೆ ಒಂದು ಮಾತು. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಮಹಾರಾಷ್ಟ್ರ ಅದೇ ಹೊತ್ತಿಗೆ ನಾಲ್ಕನೆಯ ವರ್ಷದ ಅವಕಾಶವಿರುವ ವ್ಯವಸ್ಥೆಗೆ ಬಂತು. ಬಡ ವಿದ್ಯಾರ್ಥಿಗೆ ಒಂದು ವರ್ಷದ ಹೊರೆ ಬೇಡವೆಂಬ ಕರ್ನಾಟಕದ ಕಾರಣ ಸರಿಯಾದದ್ದೇ. ಆದರೆ ಹೊರದೇಶದ ಪರೀಕ್ಷೆಯ ಆಸೆ ಇರುವ ಮಗುವಿಗೆ ಈ ವ್ಯತ್ಯಾಸ ದೊಡ್ಡದು, ಕಾಲೇಜು ಆರಿಸುವಾಗಲೇ ಅದನ್ನು ತಿಳಿದಿರಬೇಕು.

ನಮ್ಮ ಪದವಿಯನ್ನು ಬೇರೆ ದೇಶದವರು ತೂಗಿ ನೋಡುವುದೇ ಅವಮಾನ ಎನ್ನುವವರೂ ಇದ್ದಾರೆ. ಈ ನೋವಿಗೆ ಇತಿಹಾಸವಿದೆ. 1913ರ ಕಂಪನಿ ಕಾಯ್ದೆ ಬ್ರಿಟಿಷ್ ಸಂಸ್ಥೆಗಳ ಸದಸ್ಯರಿಗೆ ಇಲ್ಲಿ ಲೆಕ್ಕಪರಿಶೋಧನೆಯ ದಾರಿ ತೆರೆದಿತ್ತು. ಇಲ್ಲಿಯವರಿಗೆಂದು ಮುಂಬಯಿಯಲ್ಲಿ ಜಿ.ಡಿ.ಎ. ಎಂಬ ಲೆಕ್ಕಶಾಸ್ತ್ರದ ಸರ್ಕಾರಿ ಡಿಪ್ಲೊಮಾ ಬಂದದ್ದು 1918ರಲ್ಲಿ, ನಮ್ಮದೇ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಸ್ಥಾಪನೆಯಾದದ್ದು 1949ರ ಜುಲೈ 1ರಂದು. ಆದರೆ ಅದೇ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ 29ನೇ ಕಲಮು, ವಿದೇಶಿ ಅರ್ಹತೆಯನ್ನು ಯಾವ ಷರತ್ತಿನ ಮೇಲೆ ಒಪ್ಪಬೇಕೆಂದು ನಿರ್ಧರಿಸುವ ಅಧಿಕಾರವನ್ನು ಆ ಸಂಸ್ಥೆಯ ಕೌನ್ಸಿಲ್ಲಿಗೆ ಕೊಟ್ಟಿದೆ. ವಿದೇಶದಲ್ಲಿ ಓದಿ ಬಂದವರ ಪದವಿಗೆ ಸಮಾನತೆ ಕೊಡಲು ಯು.ಜಿ.ಸಿ. 2025ರಲ್ಲಿ ನಿಯಮವನ್ನೇ ಹೊರಡಿಸಿದೆ. ನಾವು ಮಾಡಿದರೆ ಪರಿಶೀಲನೆ, ಅವರು ಮಾಡಿದರೆ ಅವಮಾನ ಎನ್ನಲಾಗದು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳ ಲೆಕ್ಕಿಗರ ಸಂಸ್ಥೆಗಳ ಜೊತೆ ಅಮೆರಿಕ ಮಾಡಿಕೊಂಡಂಥ ಪರಸ್ಪರ ಮಾನ್ಯತೆಯ ಒಪ್ಪಂದ ಭಾರತದ ಜೊತೆ ಇಲ್ಲ. ಸಿಟ್ಟು ಬರಬೇಕಾದದ್ದು ಅದಕ್ಕೆ.

ಸಿ.ಪಿ.ಎ. ಆದವರು ಭಾರತದಲ್ಲಿ ಆಡಿಟ್ ವರದಿಗೆ ಸಹಿ ಹಾಕುವಂತಿಲ್ಲ ಎಂಬ ಮಾತು ಸತ್ಯ. ಕಂಪನಿಗಳ ಶಾಸನಬದ್ಧ ಆಡಿಟ್ ಸಿ.ಎ.ಗಳದೇ. ಸ್ವಂತ ಆಫೀಸು ತೆರೆದು ಪನವೇಲಿನ ವ್ಯಾಪಾರಿಗಳ ಆಡಿಟ್ ಮಾಡಬೇಕೆಂಬ ಹುಡುಗ ಸಿ.ಎ. ಓದಲಿ. ಆದರೆ ಅಮೆರಿಕದ ತೆರಿಗೆ, ಆಡಿಟ್, ವರದಿಯ ಕೆಲಸ ಮುಂಬಯಿ, ಬೆಂಗಳೂರು, ಹೈದರಾಬಾದುಗಳ ಕಚೇರಿಗಳಲ್ಲಿ ನಡೆಯುತ್ತಿದೆ. ಅದನ್ನು ಮಾಡುವವರಿಗೆ ಬೇಕಾದದ್ದು ಆ ದೇಶದ ಲೆಕ್ಕದ ಜ್ಞಾನ. ಮಕ್ಕಳು ಊರು ಬಿಟ್ಟು ಹೋಗುತ್ತಾರೆಂಬ ಹೆದರಿಕೆಗೂ ಇದೇ ಉತ್ತರ. 2020ಕ್ಕೆ ಮುಂಚೆ ಈ ಪರೀಕ್ಷೆ ಬರೆಯಲು ದುಬೈಯಂಥ ಊರಿಗೆ ಹೋಗಬೇಕಿತ್ತು, ಈಗ ಮುಂಬಯಿಯಲ್ಲೇ ಬರೆಯಬಹುದು.

ಕೊನೆಯ ಆಕ್ಷೇಪ ಕೋಚಿಂಗ್ ಕ್ಲಾಸುಗಳ ಮೇಲಿನದು. ಇಲ್ಲಿ ನಾನು ಹಿರಿಯರ ಪಕ್ಷ. ಲಕ್ಷಗಟ್ಟಲೆ ಶುಲ್ಕ, ಅದಕ್ಕೆ ಅಲ್ಲೇ ಸಾಲದ ಏರ್ಪಾಟು, ಎಲ್ಲರೂ ಅರ್ಹರೇ ಎನ್ನುವ ಭರವಸೆ. ಶುಲ್ಕ ಕಟ್ಟಿದ ಮೇಲೆ ಕ್ರೆಡಿಟ್ ಸಾಲದೆಂದು ಗೊತ್ತಾಗಿ ಇನ್ನೊಂದು ಡಿಪ್ಲೊಮಾಕ್ಕೆ ಮತ್ತೆ ಹಣ ಕಟ್ಟಿದ ಮಕ್ಕಳಿದ್ದಾರೆ. 120ಕ್ಕೆ ಪರೀಕ್ಷೆ ಬರೆಯಬಹುದು, ಪರವಾನಗಿಗೆ ಇನ್ನೂ ಬೇಕು; ಹೊರದೇಶದಲ್ಲಿ ಕೂತು ಬರೆಯುವವರು ಪಾಸಾದ ಮೂರು ವರ್ಷದೊಳಗೆ ಪರವಾನಗಿ ಪಡೆಯುತ್ತೇನೆಂದು ಒಪ್ಪಿಗೆ ಕೊಡಬೇಕು; ಅನುಭವದ ಪತ್ರಕ್ಕೆ ಪರವಾನಗಿ ಇರುವ ಸಿ.ಪಿ.ಎ. ಒಬ್ಬರು ಸಹಿ ಹಾಕಬೇಕು. ಇದನ್ನೆಲ್ಲ ಸೇರುವ ದಿನವೇ ಹೇಳುವ ಕ್ಲಾಸು ಅಪರೂಪ. ಪರೀಕ್ಷೆಯ ಶುಲ್ಕವೇ ನಾಲ್ಕು ಪತ್ರಿಕೆಗೆ ಎರಡು ಸಾವಿರ ಡಾಲರಿಗೂ ಮೇಲೆ.

ಇದಕ್ಕೆ ಮದ್ದು ಪರೀಕ್ಷೆಯನ್ನೇ ಬೇಡವೆನ್ನುವುದಲ್ಲ, ಕ್ರಮ ಬದಲಿಸುವುದು. ಅಮೆರಿಕದಲ್ಲಿ ಪರವಾನಗಿ ಕೊಡುವುದು ರಾಜ್ಯಗಳ ಮತ್ತು ಇತರ ಆಡಳಿತ ಪ್ರದೇಶಗಳ ಮಂಡಳಿಗಳು, ಅಂಥವು 55 ಇವೆ, ಒಂದೊಂದರ ನಿಯಮವೂ ಬೇರೆ. ಒಂದು ಕಡೆ ಆಗದ್ದು ಇನ್ನೊಂದು ಕಡೆ ಆಗುತ್ತದೆ. ಆದ್ದರಿಂದ ಮೊದಲು ರಾಜ್ಯ ಗೊತ್ತುಮಾಡಿಕೊಳ್ಳಬೇಕು, ಆ ರಾಜ್ಯ ಒಪ್ಪುವ ಸಂಸ್ಥೆಗೆ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಕಳಿಸಿ ಮೌಲ್ಯಮಾಪನ ಮಾಡಿಸಬೇಕು. ಕ್ಲಾಸಿನ ಮಾತು ಆಮೇಲೆ. ಆ ಮೌಲ್ಯಮಾಪನಕ್ಕೆ ತಗಲುವ ಖರ್ಚು ಕ್ಲಾಸಿನ ಶುಲ್ಕದ ಒಂದು ಸಣ್ಣ ಪಾಲು.

ಸಂಘಗಳು ವರ್ಷವರ್ಷ ಪ್ರತಿಭಾ ಪುರಸ್ಕಾರಕ್ಕೆ ಶಾಲು, ಫಲಕ, ಲಕೋಟೆ ಕೊಡುತ್ತವೆ. ಆ ಹಣದಲ್ಲಿ ಬಿ.ಕಾಂ. ಮುಗಿಸಿದ ಇಬ್ಬರು ಮೂವರ ಮೌಲ್ಯಮಾಪನದ ಶುಲ್ಕ ಕಟ್ಟಿ ಎಂದು ನನ್ನ ಕೋರಿಕೆ. ತಂದೆತಾಯಿಯರಲ್ಲೂ ಒಂದು ಮನವಿ: ಮೌಲ್ಯಮಾಪನದ ಪತ್ರ ಕೈಗೆ ಬರುವ ತನಕ ಯಾವ ಕ್ಲಾಸಿನ ಸಾಲದ ಕಾಗದಕ್ಕೂ ಸಹಿ ಹಾಕಬೇಡಿ, ಬಂದ ಪತ್ರ ಮಗಳು ಅರ್ಹಳು ಎಂದರೆ, ಅವಳನ್ನು ತಡೆಯಬೇಡಿ.